ನಿದ್ದೆಯಿಂದ ಎದ್ದ ಲ್ಯಾಪ್‌ಟಾಪಿಗೆ ವೈಫೈ ಸಿಗದಿದ್ದರೆ

ಲ್ಯಾಪ್‌ಟಾಪಿನ ಮುಚ್ಚಳ ತೆರೆದ ಕೂಡಲೇ ಪರದೆ ಬೆಳಗುತ್ತದೆ. ರಾತ್ರಿ ಅರ್ಧಕ್ಕೆ ಬಿಟ್ಟ ಕಡತ, ತೆರೆದಿಟ್ಟ ಹತ್ತಾರು ಟ್ಯಾಬ್‌ಗಳು ಎಲ್ಲ ಇದ್ದಲ್ಲೇ ಇರುತ್ತವೆ. ಕೆಳಗೆ ಬಲಮೂಲೆಯಲ್ಲಿ ವೈಫೈ ಚಿಹ್ನೆ ಇರಬೇಕಾದ ಕಡೆ ಮಾತ್ರ ಒಂದು ಬೋಳು ಗ್ಲೋಬು ಕೂತಿರುತ್ತದೆ. ಮೀಟಿಂಗ್ ಶುರುವಾಗಲು ಇನ್ನೆರಡು ನಿಮಿಷ ಎನ್ನುವಾಗಲೇ ಇದು ಆಗುವುದು. ಆಗ ಬಹುತೇಕರು ಮೊದಲು ಮಾಡುವ ಕೆಲಸವೆಂದರೆ ಎದ್ದು ಹೋಗಿ ರೂಟರಿನ ಸ್ವಿಚ್ಚು ಆರಿಸಿ ಹಾಕುವುದು. ಮನೆಯವರ ಟಿವಿ, ಫೋನು, ಮಕ್ಕಳ ಆನ್‌ಲೈನ್ ಕ್ಲಾಸು ಎಲ್ಲ ಒಟ್ಟಿಗೆ ನಿಲ್ಲುತ್ತವೆ. ಎಷ್ಟೋ ಸಲ ರೂಟರಿನದು ಏನೂ ತಪ್ಪಿರುವುದಿಲ್ಲ.

‘ನೆಟ್ ಬರ್ತಿಲ್ಲ’ ಎನ್ನುವ ಒಂದೇ ದೂರಿನ ಹಿಂದೆ ಮೂರು ಬೇರೆ ಬೇರೆ ತೊಂದರೆಗಳಿರಬಹುದು. ಲ್ಯಾಪ್‌ಟಾಪಿನೊಳಗಿನ ವೈಫೈ ಕಾರ್ಡೇ ಎದ್ದಿಲ್ಲದಿರಬಹುದು. ಕಾರ್ಡು ಎದ್ದಿದ್ದರೂ ರೂಟರಿನ ಜೊತೆ ಸೇರಲಾಗದೆ ಇರಬಹುದು. ಸೇರಿದ ಮೇಲೂ ವಿಳಾಸ ಸಿಗದೆಯೋ ರೂಟರಿನಿಂದಾಚೆಗೆ ದಾರಿ ಸಿಗದೆಯೋ ನಿಂತಿರಬಹುದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಪಾಸ್‌ವರ್ಡನ್ನು ಮತ್ತೆ ಮತ್ತೆ ಹೊಡೆದರೆ ಮಲಗಿದ ಕಾರ್ಡು ಏಳುವುದಿಲ್ಲ, ಡ್ರೈವರ್ ಬದಲಾಯಿಸಿದರೆ ಹೋಟೆಲಿನ ಲಾಗಿನ್ ಪುಟ ತೆರೆಯುವುದಿಲ್ಲ. ಆದ್ದರಿಂದ ಏನನ್ನೂ ಮುಟ್ಟುವ ಮುಂಚೆ ಅರ್ಧ ನಿಮಿಷ ಸುಮ್ಮನೆ ನೋಡುವುದೇ ಲಾಭ.

ಮುಂದೆ ಹೇಳುವುದು ಹೆಚ್ಚಾಗಿ ವಿಂಡೋಸ್ 11ರ ಲ್ಯಾಪ್‌ಟಾಪಿಗೆ ಸೇರಿದ್ದು. ವಿಂಡೋಸ್ 10ರಲ್ಲೂ ಹೆಚ್ಚುಕಡಿಮೆ ಹೀಗೇ. ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ ಬಿಡಿಬಿಡಿಯಾಗಿ ಕೊಟ್ಟಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ.

ಮಲಗುವುದು, ಏಳುವುದು

1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಕಂಪನಿಗಳು ಸೇರಿ ಎಸಿಪಿಐ ಎಂಬ ಕಟ್ಟಳೆಯನ್ನು ಹೊರತಂದವು. ಕಂಪ್ಯೂಟರು ಎಷ್ಟು ಆಳಕ್ಕೆ ಮಲಗಬಹುದು ಎಂಬುದಕ್ಕೆ ಅದರಲ್ಲಿ ಎಸ್-0ಯಿಂದ ಎಸ್-5ರವರೆಗೆ ಹಂತಗಳಿವೆ. ಎಸ್-0 ಪೂರ್ತಿ ಎಚ್ಚರ, ಎಸ್-5 ಆಫ್. ನಾವು ಬಹುಕಾಲ ‘ಸ್ಲೀಪ್’ ಎಂದು ಕರೆದದ್ದು ಎಸ್-3 ಹಂತವನ್ನು. ಅಲ್ಲಿ ರ‍್ಯಾಮಿಗೆ ಮಾತ್ರ ಕರೆಂಟು ಉಳಿಸಿ ಮಿಕ್ಕಿದ್ದನ್ನೆಲ್ಲ ಆರಿಸಲಾಗುತ್ತದೆ. ಎಸ್-4 ಹೈಬರ್ನೇಟ್, ರ‍್ಯಾಮಿನಲ್ಲಿದ್ದದ್ದನ್ನು ಡಿಸ್ಕಿಗೆ ಬರೆದಿಟ್ಟು ಮಲಗುವ ವಿಧಾನ. ಯಂತ್ರದೊಳಗಿನ ಬಿಡಿ ಸಾಧನಗಳಿಗೂ ಡಿ-0ಯಿಂದ ಡಿ-3ರವರೆಗೆ ಇಂಥದೇ ಹಂತಗಳಿವೆ. ವೈಫೈ ಕಾರ್ಡು ಮಲಗುವಾಗ ಡಿ-3ಕ್ಕೆ ಇಳಿಯುತ್ತದೆ. ಅದರಲ್ಲೂ ಕೊನೆಯ ಮೆಟ್ಟಿಲಿಗೆ ಹೋದರೆ ಅದು ಕೂತ ಸ್ಲಾಟಿಗೇ ಕರೆಂಟು ನಿಲ್ಲುತ್ತದೆ.

ವೈಫೈ ಕಾರ್ಡು ಬರಿಯ ಆಂಟೆನಾ ಅಲ್ಲ, ಅದರೊಳಗೆ ಅದರದೇ ಒಂದು ಚಿಕ್ಕ ಪ್ರೊಸೆಸರ್ ಇದೆ, ಅದು ನಡೆಸುವ ಫರ್ಮ್‌ವೇರ್ ಎಂಬ ತಂತ್ರಾಂಶವೂ ಇದೆ. ಇಂಟೆಲ್ ಸೇರಿದಂತೆ ಹಲವರ ಕಾರ್ಡುಗಳು ಈ ಫರ್ಮ್‌ವೇರನ್ನು ತಮ್ಮಲ್ಲಿ ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ಕರೆಂಟು ಬಂದಾಗಲೆಲ್ಲ ಲ್ಯಾಪ್‌ಟಾಪಿನ ಡ್ರೈವರ್ ಅದನ್ನು ಡಿಸ್ಕಿನಿಂದ ತೆಗೆದು ಕಾರ್ಡಿಗೆ ತುಂಬಬೇಕು. ಕರೆಂಟು ಕಳೆದುಕೊಂಡು ಮಲಗಿದ್ದ ಕಾರ್ಡು ಎದ್ದಾಗ ಅದಕ್ಕೆ ತಾನು ಯಾರೆಂಬುದೂ ಗೊತ್ತಿರುವುದಿಲ್ಲ. ಮದರ್‌ಬೋರ್ಡು ಅದನ್ನು ಗುರುತಿಸಬೇಕು, ಡ್ರೈವರ್ ಫರ್ಮ್‌ವೇರ್ ತುಂಬಬೇಕು, ರೇಡಿಯೋ ಹದಗೊಳ್ಳಬೇಕು, ಒಂದೊಂದೇ ಚಾನೆಲ್ಲಿಗೆ ಹೋಗಿ ಪರಿಚಿತ ಹೆಸರು ಕೇಳಿಸುತ್ತದೆಯೇ ನೋಡಬೇಕು. ಹೆಸರು ಸಿಕ್ಕ ಮೇಲೆ ಪಾಸ್‌ವರ್ಡ್ ಆಧರಿಸಿ ರೂಟರಿನ ಜೊತೆ ನಾಲ್ಕು ಸಂದೇಶಗಳ ಕೊಡುಕೊಳ್ಳುವಿಕೆ ನಡೆದು ಗುಪ್ತಕೀಲಿಗಳು ಹುಟ್ಟಬೇಕು, ಆಮೇಲೆ ಐಪಿ ವಿಳಾಸ ಕೇಳಬೇಕು. ಇಷ್ಟೂ ಕೆಲಸ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ದಿನಾ ಮುಗಿಯುತ್ತದೆ ಎಂಬುದೇ ಆಶ್ಚರ್ಯ.

ಇದಕ್ಕೊಂದು ಹೊಸ ತೊಡಕೂ ಸೇರಿಕೊಂಡಿದೆ. 2012ರ ವಿಂಡೋಸ್ 8ರಲ್ಲಿ ‘ಕನೆಕ್ಟೆಡ್ ಸ್ಟ್ಯಾಂಡ್‌ಬೈ’ ಎಂದು ಶುರುವಾಗಿ, ವಿಂಡೋಸ್ 10ರಲ್ಲಿ ‘ಮಾಡರ್ನ್ ಸ್ಟ್ಯಾಂಡ್‌ಬೈ’ ಎಂದಾದ ವಿಧಾನ ಅದು. ಇಲ್ಲಿ ಲ್ಯಾಪ್‌ಟಾಪು ಎಸ್-3ಕ್ಕೆ ಇಳಿಯುವುದೇ ಇಲ್ಲ. ಎಸ್-0ಯಲ್ಲೇ ಇದ್ದು, ಮೊಬೈಲ್ ಫೋನಿನ ಹಾಗೆ ಪರದೆ ಆರಿಸಿಕೊಂಡು ತೂಕಡಿಸುತ್ತದೆ. ನಡುನಡುವೆ ಎದ್ದು ಮೇಲ್ ನೋಡುತ್ತದೆ, ಅಪ್‌ಡೇಟ್ ಎಳೆದುಕೊಳ್ಳುತ್ತದೆ, ಮತ್ತೆ ಮಲಗುತ್ತದೆ. ಬ್ಯಾಗಿನಲ್ಲಿಟ್ಟ ಲ್ಯಾಪ್‌ಟಾಪು ಬಿಸಿಯಾಗಿರುತ್ತದೆ ಎಂಬ ದೂರಿನ ಮೂಲವೂ ಬಹುಮಟ್ಟಿಗೆ ಇದೇ. ಮುಚ್ಚಳ ತೆರೆದ ತಕ್ಷಣ ಎಲ್ಲ ಸಿದ್ಧ ಎನ್ನುವುದೇನೋ ಸೊಗಸು. ಆದರೆ ಕಾರ್ಡು ಒಂದೇ ರಾತ್ರಿಯಲ್ಲಿ ಹಲವಾರು ಸಲ ಮಲಗಿ ಏಳಬೇಕಾಗುತ್ತದೆ. ಡ್ರೈವರಿನಲ್ಲಿ ಅಡಗಿದ ಸಣ್ಣ ದೋಷಕ್ಕೆ ಹೊರಬರಲು ಅಷ್ಟೂ ಅವಕಾಶ. ನನ್ನ ಎಣಿಕೆಯಲ್ಲಿ ಇದು ಒಳ್ಳೆಯ ಯೋಚನೆಯೇ, ಡ್ರೈವರ್ ಬರೆಯುವವರಿಂದ ಅದು ಬೇಡುವ ಶಿಸ್ತು ಮಾತ್ರ ಎಲ್ಲ ಕಡೆ ಇಲ್ಲ.

ನಿಮ್ಮ ಯಂತ್ರ ಯಾವ ಜಾತಿಯದೆಂದು ತಿಳಿಯಲು ಸ್ಟಾರ್ಟ್ ಒತ್ತಿ, ಸಿ-ಎಂ-ಡಿ ಎಂದು ಟೈಪ್ ಮಾಡಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಪಿ-ಓ-ಡಬ್ಲ್ಯೂ-ಇ-ಆರ್-ಸಿ-ಎಫ್-ಜಿ ಒಂದೇ ಪದ, ಒಂದು ಸ್ಪೇಸ್, ಬಲಕ್ಕೆ ವಾಲಿದ ಓರೆಗೆರೆ, ಅದಕ್ಕೆ ಅಂಟಿಕೊಂಡು ಎ. ಎಂಟರ್ ಒತ್ತಿದರೆ ಪಟ್ಟಿ ಬರುತ್ತದೆ. ಲಭ್ಯವಿರುವ ಹಂತಗಳ ಸಾಲಿನಲ್ಲಿ ‘ಎಸ್-0 ಲೋ ಪವರ್ ಐಡಲ್’ ಎಂದಿದ್ದರೆ ಮಾಡರ್ನ್ ಸ್ಟ್ಯಾಂಡ್‌ಬೈ, ‘ಎಸ್-3’ ಎಂದಿದ್ದರೆ ಹಳೆಯ ಪದ್ಧತಿ. ಮುಂದಿನ ಕೆಲವು ಸೆಟ್ಟಿಂಗ್‌ಗಳು ನಿಮ್ಮಲ್ಲಿ ಕಾಣುತ್ತವೋ ಇಲ್ಲವೋ ಎಂಬುದು ಇದರ ಮೇಲೆ ನಿಂತಿದೆ.

ಮೊದಲು ಫೋನು ಕೈಗೆತ್ತಿಕೊಳ್ಳಿ

ಅದೇ ವೈಫೈಗೆ ಸೇರಿದ ಫೋನಿನಲ್ಲಿ ಒಂದು ಪುಟ ತೆರೆದು ನೋಡಿ. ಮುಂಚೆ ಫೋನಿನ ಮೊಬೈಲ್ ಡೇಟಾ ಆರಿಸಿ. ಇದನ್ನು ಮರೆತವರೇ ಹೆಚ್ಚು. ವೈಫೈ ಸತ್ತಿದ್ದರೂ ಫೋನು ಸದ್ದಿಲ್ಲದೆ ಸಿಮ್ಮಿನ ಡೇಟಾಗೆ ಜಾರಿಕೊಂಡು ‘ಎಲ್ಲ ಸರಿಯಿದೆ’ ಎಂದು ತೋರಿಸುತ್ತದೆ. ಡೇಟಾ ಆರಿಸಿದ ಮೇಲೂ ಪುಟ ತೆರೆದರೆ ರೂಟರು ನಿರಪರಾಧಿ, ಹುಡುಕಬೇಕಾದದ್ದು ಲ್ಯಾಪ್‌ಟಾಪಿನಲ್ಲಿ. ತೆರೆಯದಿದ್ದರೆ ಲ್ಯಾಪ್‌ಟಾಪನ್ನು ಬಿಡಿ, ರೂಟರಿನ ಕಡೆ ಹೋಗಿ.

ಲ್ಯಾಪ್‌ಟಾಪಿನದೇ ತೊಂದರೆ ಎಂದಾದರೆ ಮೂಲೆಯ ಗ್ಲೋಬಿನ ಮೇಲೆ ಕ್ಲಿಕ್ ಮಾಡಿ. ಅಲ್ಲಿ ವೈಫೈ ಗುಂಡಿಯೇ ಇಲ್ಲವೇ? ಹಾಗಿದ್ದರೆ ಕಾರ್ಡು ಎದ್ದಿಲ್ಲ. ಗುಂಡಿ ಇದೆ, ಅಕ್ಕಪಕ್ಕದ ಮನೆಗಳ ಹೆಸರುಗಳೂ ಕಾಣುತ್ತಿವೆ, ನಿಮ್ಮದು ಮಾತ್ರ ಇಲ್ಲ ಅಥವಾ ಸೇರುತ್ತಿಲ್ಲವೇ? ಅದು ಎರಡನೆಯ ಬಗೆ. ಸೇರಿದೆ, ಆದರೆ ‘ನೋ ಇಂಟರ್ನೆಟ್’ ಎನ್ನುತ್ತಿದೆಯೇ? ಮೂರನೆಯದು. ಇನ್ನೊಂದನ್ನೂ ನೋಡಿಬಿಡಿ. ಮುಚ್ಚಳ ಮುಚ್ಚುವಾಗಲೋ ಒರೆಸುವಾಗಲೋ ಕೀಬೋರ್ಡಿನ ವಿಮಾನದ ಗುರುತಿನ ಕೀಲಿ ತಗುಲಿ ಏರ್‌ಪ್ಲೇನ್ ಮೋಡ್ ಆನ್ ಆಗಿರುವುದು ಅಪರೂಪವೇನಲ್ಲ.

ಕಾರ್ಡೇ ಕಾಣೆಯಾದಾಗ

ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿದರೆ ‘ಡಿವೈಸ್ ಮ್ಯಾನೇಜರ್’ ಸಿಗುತ್ತದೆ. ಅದರಲ್ಲಿ ‘ನೆಟ್‌ವರ್ಕ್ ಅಡಾಪ್ಟರ್ಸ್’ ಸಾಲನ್ನು ಬಿಡಿಸಿ. ವೈಫೈ ಕಾರ್ಡಿನ ಹೆಸರಿನ ಮುಂದೆ ಹಳದಿ ತ್ರಿಕೋನ ಇರಬಹುದು. ಎರಡು ಸಲ ಕ್ಲಿಕ್ ಮಾಡಿದರೆ ‘ಕೋಡ್ 10’ ಎಂದೋ ‘ಕೋಡ್ 43’ ಎಂದೋ ಬರೆದಿರುತ್ತದೆ. ಮೊದಲನೆಯದರ ಅರ್ಥ ಸಾಧನ ಶುರುವಾಗಲಿಲ್ಲ ಎಂದು. ಎರಡನೆಯದರಲ್ಲಿ ಸಾಧನವೇ ತನ್ನಲ್ಲಿ ತೊಂದರೆಯಿದೆ ಎಂದು ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಎರಡೂ ಕಡೆ ಮೊದಲ ಚಿಕಿತ್ಸೆ ಒಂದೇ. ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ‘ಡಿಸೇಬಲ್’, ಹತ್ತು ಸೆಕೆಂಡು ಬಿಟ್ಟು ‘ಎನೇಬಲ್’. ಡ್ರೈವರ್ ಕಾರ್ಡನ್ನು ಕೈಬಿಟ್ಟು ಮತ್ತೆ ಹಿಡಿದು ಮೊದಲಿನಿಂದ ಸಿದ್ಧಪಡಿಸಲು ಇದು ದಾರಿ. ಮೀಟಿಂಗಿಗೆ ಎರಡು ನಿಮಿಷ ಇರುವಾಗ ಕೆಲಸಕ್ಕೆ ಬರುವುದು ಇದೇ.

ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಬ್ಲೂಟೂತ್ ಕಡೆ ಕಣ್ಣು ಹಾಯಿಸಿ. ಇಂದಿನ ಲ್ಯಾಪ್‌ಟಾಪುಗಳಲ್ಲಿ ವೈಫೈ, ಬ್ಲೂಟೂತ್ ಎರಡೂ ಸಾಮಾನ್ಯವಾಗಿ ಒಂದೇ ಪುಟ್ಟ ಕಾರ್ಡಿನ ಮೇಲಿರುತ್ತವೆ. ಲ್ಯಾಪ್‌ಟಾಪಿನ ಒಳಗೆ ವೈಫೈ ಸಾಮಾನ್ಯವಾಗಿ ಪಿಸಿಐ ಎಕ್ಸ್‌ಪ್ರೆಸ್ ಎಂಬ ದಾರಿಯಲ್ಲೂ ಬ್ಲೂಟೂತ್ ಯುಎಸ್‌ಬಿ ದಾರಿಯಲ್ಲೂ ಮಾತಾಡುತ್ತವೆ. ಬ್ಲೂಟೂತ್ ಕೆಲಸ ಮಾಡುತ್ತಿದ್ದು ವೈಫೈ ಮಾತ್ರ ಮಾಯವಾಗಿದ್ದರೆ ಕಾರ್ಡು ಜೀವಂತ ಇದೆ, ಒಂದು ದಾರಿ ಮಾತ್ರ ಕಟ್ಟಿದೆ ಎನ್ನಬಹುದು. ಎರಡೂ ಮಾಯವಾಗಿದ್ದರೆ ಕಾರ್ಡೇ ಪೂರ್ತಿ ಮಲಗಿದೆ. ಆಗ ಲ್ಯಾಪ್‌ಟಾಪು ಆಫ್ ಮಾಡಿ, ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಬಿಡಿ. ಆಫ್ ಮಾಡಿದಾಗಲೂ ಒಳಗಿನ ಕೆಲವು ಭಾಗಗಳಿಗೆ ಹರಿಯುತ್ತಿರುವ ತುಸು ಕರೆಂಟು ಇದರಿಂದ ಕಡಿಯುತ್ತದೆ, ಅರೆನಿದ್ದೆಯಲ್ಲಿ ಸಿಕ್ಕಿಕೊಂಡ ಕಾರ್ಡು ಬಿಡುಗಡೆಯಾಗುತ್ತದೆ. ಕೇಳಲು ಮಾಟಮಂತ್ರದ ಹಾಗಿದೆ, ಆದರೆ ಲ್ಯಾಪ್‌ಟಾಪು ಕಂಪನಿಗಳೇ ಹೇಳಿಕೊಡುವ ವಿಧಾನ ಇದು.

ಇಲ್ಲಿ ಬಹಳ ಜನರನ್ನು ದಾರಿ ತಪ್ಪಿಸುವ ಒಂದು ಸಂಗತಿ ಇದೆ. ‘ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದೆ, ಆದರೂ ಬರಲಿಲ್ಲ, ರೀಸ್ಟಾರ್ಟ್ ಮಾಡಿದರೆ ಬಂತು’ ಎನ್ನುತ್ತಾರೆ. ಎರಡೂ ಒಂದೇ ತಾನೇ ಎಂದು ಕೇಳುವವರನ್ನು ನಗುವ ಹಾಗಿಲ್ಲ. ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬುದು ಬಂದಿದೆ. ಅದು ಆನ್ ಇದ್ದಾಗ ಶಟ್‌ಡೌನ್ ಎಂದರೆ ನಿಮ್ಮ ಕಿಟಕಿಗಳಷ್ಟೇ ಮುಚ್ಚುತ್ತವೆ. ವಿಂಡೋಸಿನ ತಿರುಳು, ಡ್ರೈವರ್‌ಗಳ ಸಮೇತ, ಹೈಬರ್ನೇಟ್ ಕಡತಕ್ಕೆ ಬರೆಯಲ್ಪಟ್ಟು ಮರುದಿನ ಹಾಗೆಯೇ ಎಚ್ಚರಗೊಳ್ಳುತ್ತದೆ. ಬೇಗ ಆನ್ ಆಗುವ ಗುಟ್ಟೂ ಅದೇ. ಆದರೆ ಕೆಟ್ಟ ಸ್ಥಿತಿಯಲ್ಲಿದ್ದ ಡ್ರೈವರ್ ಕೆಟ್ಟ ಸ್ಥಿತಿಯಲ್ಲೇ ಏಳುತ್ತದೆ. ರೀಸ್ಟಾರ್ಟಿನಲ್ಲಿ ಈ ಅಡ್ಡದಾರಿ ಇಲ್ಲ, ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಪೂರ್ತಿ ಶಟ್‌ಡೌನೇ ಬೇಕಿದ್ದರೆ ಶಿಫ್ಟ್ ಕೀಲಿ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಬೇಕು. ಪವರ್ ಗುಂಡಿ ಒತ್ತಿ ಹಿಡಿಯುವ ಮೇಲಿನ ಉಪಾಯವನ್ನೂ ಇಂಥ ಪೂರ್ತಿ ಶಟ್‌ಡೌನಿನ ನಂತರ ಮಾಡುವುದೇ ಸರಿ. ಫಾಸ್ಟ್ ಸ್ಟಾರ್ಟಪ್ಪನ್ನೇ ತೆಗೆದುಹಾಕಬೇಕೆಂದರೆ ಕಂಟ್ರೋಲ್ ಪ್ಯಾನೆಲ್ಲಿನ ‘ಪವರ್ ಆಪ್ಷನ್ಸ್’ ಒಳಗೆ ‘ಪವರ್ ಗುಂಡಿಗಳು ಏನು ಮಾಡಬೇಕು’ ಎಂಬ ಅರ್ಥದ ಕೊಂಡಿಯಲ್ಲಿ ಅದರ ಟಿಕ್ ಇದೆ. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಅದನ್ನು ತೆಗೆದರೆ ಕಳೆದುಕೊಳ್ಳುವುದು ಕೆಲವೇ ಸೆಕೆಂಡು. ನಾನಾದರೆ ತೆಗೆಯುತ್ತೇನೆ.

ಇದು ಮತ್ತೆ ಮತ್ತೆ ಆಗುತ್ತಿದ್ದರೆ ಕಾರ್ಡಿನ ಪ್ರಾಪರ್ಟೀಸ್ ತೆರೆದು ‘ಪವರ್ ಮ್ಯಾನೇಜ್‌ಮೆಂಟ್’ ಹಾಳೆ ನೋಡಿ. ಕರೆಂಟು ಉಳಿಸಲು ಈ ಸಾಧನವನ್ನು ಆಫ್ ಮಾಡಲು ಕಂಪ್ಯೂಟರಿಗೆ ಅನುಮತಿ ಕೊಡುವ ಒಂದು ಟಿಕ್ ಅಲ್ಲಿದೆ. ಅದನ್ನು ತೆಗೆದರೆ ಬಹಳಷ್ಟು ಯಂತ್ರಗಳಲ್ಲಿ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಬ್ಯಾಟರಿ ತುಸು ಹೆಚ್ಚು ಖರ್ಚಾಗುತ್ತದೆ. ಮೇಜಿನ ಮೇಲೇ ಚಾರ್ಜರ್ ಸಿಕ್ಕಿಸಿಕೊಂಡಿರುವ ಲ್ಯಾಪ್‌ಟಾಪಿಗೆ ಅದು ಲೆಕ್ಕಕ್ಕಿಲ್ಲ. ಮಾಡರ್ನ್ ಸ್ಟ್ಯಾಂಡ್‌ಬೈ ಯಂತ್ರಗಳಲ್ಲಿ ಈ ಹಾಳೆಯೇ ಕಾಣದಿರುವುದುಂಟು, ಅಲ್ಲಿ ಮಲಗಿಸುವ ಏಳಿಸುವ ನಿರ್ಧಾರವನ್ನು ವಿಂಡೋಸ್ ತಾನೇ ಇಟ್ಟುಕೊಂಡಿರುತ್ತದೆ. ಹಳೆಯ ಪದ್ಧತಿಯ ಯಂತ್ರದಲ್ಲಿ ಪವರ್ ಆಪ್ಷನ್ಸಿನ ಅಡ್ವಾನ್ಸ್‌ಡ್ ಪಟ್ಟಿಯಲ್ಲಿ ‘ವೈರ್‌ಲೆಸ್ ಅಡಾಪ್ಟರ್ ಸೆಟ್ಟಿಂಗ್ಸ್’ ಇರುತ್ತದೆ. ಅದನ್ನು ‘ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್’ಗೆ ಇಡಿ. ಅದೇ ಪಟ್ಟಿಯ ‘ಪಿಸಿಐ ಎಕ್ಸ್‌ಪ್ರೆಸ್’ ಕೆಳಗಿನ ‘ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್’ ಆಫ್ ಮಾಡಬಹುದು. ಯುಎಸ್‌ಬಿ ಡಾಂಗಲ್ ಬಳಸುವವರು ನೋಡಬೇಕಾದದ್ದು ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’. ಡಾಂಗಲ್ ಕಿತ್ತು ಮತ್ತೆ ಚುಚ್ಚಿದರೆ ವೈಫೈ ಬರುತ್ತದೆ ಎಂದರೆ ಅನುಮಾನ ಅದರ ಮೇಲೇ.

ಕಾರ್ಡು ಎದ್ದಿದೆ, ರೂಟರು ಸಿಕ್ಕಿಲ್ಲ

ಎರಡನೆಯ ಬಗೆಯಲ್ಲಿ ಲ್ಯಾಪ್‌ಟಾಪು ಮಲಗಿದ್ದಾಗ ಮನೆಯಲ್ಲಿ ಏನಾಯಿತು ಎಂದು ಕೇಳಬೇಕು. ನಮ್ಮ ಊರುಗಳಲ್ಲಿ ಉತ್ತರ ಹೆಚ್ಚಾಗಿ ಒಂದೇ: ಕರೆಂಟು ಹೋಗಿ ಬಂತು. ಮಳೆಗಾಲದ ಮಲೆನಾಡಿನಲ್ಲಂತೂ ದಿನಕ್ಕೆಷ್ಟು ಸಲ ಎಂದು ಯಾರೂ ಎಣಿಸುವುದಿಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಅದಕ್ಕೆ ಏನೂ ಗೊತ್ತಾಗಲಿಲ್ಲ. ಇನ್ವರ್ಟರಿಗೆ ಸೇರದ ರೂಟರು ಮಾತ್ರ ಸತ್ತು ಹುಟ್ಟಿದೆ. ಅದರ ಹಳೆಯ ಗುಪ್ತಕೀಲಿಗಳು ಹೋಗಿವೆ, ಯಾರು ಯಾರು ಸೇರಿದ್ದರು ಎಂಬ ಪಟ್ಟಿಯೂ ಹೋಗಿದೆ. ಮಾಡರ್ನ್ ಸ್ಟ್ಯಾಂಡ್‌ಬೈಯಲ್ಲಿ ತೂಕಡಿಸುತ್ತಿದ್ದ ಕಾರ್ಡು ತಾನಿನ್ನೂ ಸೇರಿಯೇ ಇದ್ದೇನೆ ಎಂದುಕೊಂಡು ಹಳೆಯ ಕೀಲಿಯಲ್ಲೇ ಮಾತಾಡಲು ಹೊರಟರೆ ರೂಟರು ‘ನೀನು ಯಾರೋ ಗೊತ್ತಿಲ್ಲ’ ಎಂದು ಹೊರಹಾಕುತ್ತದೆ. ಒಳ್ಳೆಯ ಡ್ರೈವರ್ ಇದನ್ನು ಅರ್ಥಮಾಡಿಕೊಂಡು ಮತ್ತೆ ಮೊದಲಿನಿಂದ ಸೇರುತ್ತದೆ. ಕೆಟ್ಟ ಡ್ರೈವರ್ ಮೂರು ಗೆರೆ ತೋರಿಸುತ್ತ ಕೂರುತ್ತದೆ, ಒಂದು ಬೈಟೂ ಹರಿಯುವುದಿಲ್ಲ. ವೈಫೈ ಗುಂಡಿಯನ್ನು ಆಫ್ ಮಾಡಿ ಆನ್ ಮಾಡಿದರೆ ಬಹುತೇಕ ಸರಿಹೋಗುತ್ತದೆ. ‘ಫರ್ಗೆಟ್’ ಒತ್ತಿ ಪಾಸ್‌ವರ್ಡ್ ಹುಡುಕುತ್ತ ಕೂರುವ ಅಗತ್ಯ ಇಲ್ಲ. ಪಾಸ್‌ವರ್ಡ್ ಬದಲಾಗದೇ ಇರುವಾಗ ಅದನ್ನು ಮರೆಸಿ ನೆನಪಿಸುವುದರಿಂದ ಸಾಮಾನ್ಯವಾಗಿ ಸಿಗುವ ಲಾಭ ಇಷ್ಟೇ: ಹಾಗೆ ಮಾಡುವಾಗ ಸಂಪರ್ಕ ಒಮ್ಮೆ ಕಡಿದು ಮತ್ತೆ ಕೂಡುತ್ತದೆ.

ಕರೆಂಟು ಬಂದ ಮೇಲೆ 2.4 ಗಿಗಾಹರ್ಟ್ಸಿನ ಹೆಸರು ಕಾಣುತ್ತಿದ್ದು, 5 ಗಿಗಾಹರ್ಟ್ಸಿನದು ಮಾತ್ರ ಕಾಣದಿದ್ದರೆ ಗಾಬರಿ ಬೇಡ. 5 ಗಿಗಾಹರ್ಟ್ಸಿನ ಕೆಲವು ಚಾನೆಲ್‌ಗಳನ್ನು ರಾಡಾರ್‌ಗಳೂ ಬಳಸುತ್ತವೆ. ಅಂಥ ಚಾನೆಲ್ ಆರಿಸಿಕೊಂಡ ರೂಟರು ಮಾತಾಡುವ ಮುಂಚೆ ಕನಿಷ್ಠ 60 ಸೆಕೆಂಡು ಸುಮ್ಮನಿದ್ದು ರಾಡಾರ್ ಇದೆಯೇ ಎಂದು ಆಲಿಸಬೇಕೆಂಬ ನಿಯಮ ಉಂಟು. ಲ್ಯಾಪ್‌ಟಾಪಿನಲ್ಲಿ 5 ಗಿಗಾಹರ್ಟ್ಸಿನ ಹೆಸರನ್ನಷ್ಟೇ ಉಳಿಸಿಟ್ಟುಕೊಂಡಿದ್ದರೆ ಆ ಒಂದು ನಿಮಿಷ ಅದಕ್ಕೆ ಯಾರೂ ಸಿಗುವುದಿಲ್ಲ. ಕಾದರೆ ಸಾಕು.

ಅಮೆರಿಕದಿಂದ ಮಗನೋ ಮಗಳೋ ತಂದುಕೊಟ್ಟ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. 2.4 ಗಿಗಾಹರ್ಟ್ಸಿನಲ್ಲಿ ಭಾರತದಲ್ಲಿ 1ರಿಂದ 13ರವರೆಗಿನ ಚಾನೆಲ್‌ಗಳನ್ನು ಬಳಸಬಹುದು. ಅಮೆರಿಕದಲ್ಲಿ ಬಳಕೆ 11ಕ್ಕೇ ನಿಲ್ಲುತ್ತದೆ. ಅಲ್ಲಿಗೆಂದೇ ತಯಾರಾದ ಕೆಲವು ಕಾರ್ಡುಗಳು 12, 13ರ ಕಡೆ ತಿರುಗಿಯೂ ನೋಡುವುದಿಲ್ಲ. ‘ಆಟೋ’ಗೆ ಇಟ್ಟ ರೂಟರು ಕರೆಂಟು ಬಂದ ಮೇಲೆ 13ನೇ ಚಾನೆಲ್ ಆರಿಸಿಕೊಂಡರೆ ಮನೆಯ ಫೋನುಗಳಿಗೆಲ್ಲ ವೈಫೈ ಇರುತ್ತದೆ, ಆ ಲ್ಯಾಪ್‌ಟಾಪಿಗೆ ಮಾತ್ರ ಹೆಸರೇ ಕಾಣಿಸುವುದಿಲ್ಲ. ಮರುದಿನ ರೂಟರು ಬೇರೆ ಚಾನೆಲ್ಲಿಗೆ ಹೋದಾಗ ತಾನಾಗಿ ಸರಿಹೋಗುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ. ರೂಟರಿನ ಸೆಟ್ಟಿಂಗಿನಲ್ಲಿ ಚಾನೆಲ್ಲನ್ನು 1, 6 ಅಥವಾ 11ಕ್ಕೆ ಗಟ್ಟಿ ಮಾಡಿದರೆ ಈ ಕಣ್ಣುಮುಚ್ಚಾಲೆ ನಿಲ್ಲುತ್ತದೆ.

ರೂಟರಿಗೆ ಮತ್ತು ಫೈಬರ್ ಪೆಟ್ಟಿಗೆಗೆ ಒಂದು 12 ವೋಲ್ಟಿನ ಮಿನಿ ಯುಪಿಎಸ್ ಹಾಕಿಸುವುದು ಈ ಇಡೀ ಭಾಗಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಪರಿಹಾರ. ಕೊಳ್ಳುವ ಮುಂಚೆ ರೂಟರಿನ ಅಡಾಪ್ಟರಿನ ಮೇಲೆ ಬರೆದ ವೋಲ್ಟು, ಆಂಪಿಯರ್ ಎರಡನ್ನೂ ಓದಿಕೊಳ್ಳಿ. ಎಲ್ಲ ರೂಟರುಗಳೂ 12 ವೋಲ್ಟಿನವಲ್ಲ.

ಸೇರಿದೆ, ಆದರೆ ನೆಟ್ ಇಲ್ಲ

ರೂಟರು ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸವನ್ನು ಲಾಡ್ಜಿನ ರೂಮಿನ ಹಾಗೆ ಅವಧಿ ಗೊತ್ತುಮಾಡಿ ಕೊಡುತ್ತದೆ. ಅನೇಕ ಮನೆ ರೂಟರುಗಳಲ್ಲಿ ಅವಧಿ 24 ಗಂಟೆ. ಎಚ್ಚರವಿರುವ ಸಾಧನ ಅರ್ಧ ಅವಧಿ ಕಳೆಯುತ್ತಿದ್ದಂತೆ ‘ಇನ್ನಷ್ಟು ದಿನ ಇರುತ್ತೇನೆ’ ಎಂದು ನವೀಕರಿಸಿಕೊಳ್ಳುತ್ತದೆ. ಮಲಗಿದ ಲ್ಯಾಪ್‌ಟಾಪಿಗೆ ಅದು ಆಗುವುದಿಲ್ಲ. ಎದ್ದ ಮೇಲೆ ಅದು ‘ನನ್ನ ಹಳೆಯ ನಂಬರೇ ಕೊಡಿ’ ಎನ್ನುತ್ತದೆ. ರೂಟರು ಒಪ್ಪಬಹುದು, ಇಲ್ಲವೆಂದು ಬೇರೆ ಕೊಡಬಹುದು. ನಡುವೆ ಕರೆಂಟು ಹೋಗಿ ರೂಟರು ತನ್ನ ಪಟ್ಟಿಯನ್ನೇ ಕಳೆದುಕೊಂಡಿದ್ದರೆ ಅದೇ ನಂಬರನ್ನು ಆಗಲೇ ಯಾರದೋ ಫೋನಿಗೆ ಕೊಟ್ಟಿರಲೂ ಸಾಧ್ಯ.

ಕಮಾಂಡ್ ಪ್ರಾಂಪ್ಟಿನಲ್ಲಿ ಐ-ಪಿ-ಸಿ-ಓ-ಎನ್-ಎಫ್-ಐ-ಜಿ ಎಂದು ಹೊಡೆದು ವೈಫೈ ಭಾಗದ ‘ಐಪಿವಿ4 ಅಡ್ರೆಸ್’ ಓದಿ. ಅದು 169.254 ಎಂದು ಶುರುವಾಗಿದ್ದರೆ ರೂಟರಿನಿಂದ ವಿಳಾಸ ಬಂದೇ ಇಲ್ಲ, ಉತ್ತರ ಸಿಗದೆ ವಿಂಡೋಸ್ ತಾನೇ ಒಂದು ನಂಬರು ಹಾಕಿಕೊಂಡಿದೆ. ಅದೇ ಪದದ ಮುಂದೆ ಸ್ಪೇಸ್, ಓರೆಗೆರೆ, ‘ರಿಲೀಸ್’. ಆಮೇಲೆ ಅದೇ ರೀತಿ ‘ರಿನ್ಯೂ’. ಹೊಸ ನಂಬರು ಬಂದರೆ ಮುಗಿಯಿತು. ಬಾರದಿದ್ದರೆ, ಮನೆಯ ಬೇರೆ ಫೋನುಗಳಿಗೂ ಹೀಗೇ ಆಗುತ್ತಿದ್ದರೆ, ಆಗ ರೂಟರನ್ನು ರೀಸ್ಟಾರ್ಟ್ ಮಾಡಲು ನ್ಯಾಯವಾದ ಕಾರಣ ಸಿಕ್ಕಿದೆ.

ವಿಳಾಸ ಸರಿಯಿದ್ದರೆ ಅಲ್ಲೇ ಕೆಳಗಿರುವ ‘ಡೀಫಾಲ್ಟ್ ಗೇಟ್‌ವೇ’ ನಂಬರನ್ನು ಬ್ರೌಸರಿನಲ್ಲಿ ಹೊಡೆಯಿರಿ. ರೂಟರಿನ ಲಾಗಿನ್ ಪುಟ ತೆರೆಯಿತೆಂದರೆ ಲ್ಯಾಪ್‌ಟಾಪಿನಿಂದ ರೂಟರಿನವರೆಗಿನ ದಾರಿ ಚೊಕ್ಕವಾಗಿದೆ. ಆಚೆಗೆ ಫೈಬರ್ ಇದೆ. ಫೈಬರ್ ಪೆಟ್ಟಿಗೆಯಲ್ಲಿ ‘ಲಾಸ್’ ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಬೆಳಕಿನ ಸಂಕೇತವೇ ಬರುತ್ತಿಲ್ಲ, ಕೇಬಲ್ಲಿನವರಿಗೆ ಫೋನ್ ಮಾಡಬೇಕಾದದ್ದೇ.

ಆಫೀಸಿನ ಲ್ಯಾಪ್‌ಟಾಪುಗಳಲ್ಲಿ, ಅಂದರೆ ಬೆಂಗಳೂರಿನ ಅರ್ಧ ಮನೆಗಳಲ್ಲಿ, ಮೊದಲ ಅನುಮಾನ ವಿಪಿಎನ್ ಮೇಲಿರಲಿ. ಮಲಗುವ ಮುಂಚೆ ಕಟ್ಟಿದ್ದ ಸುರಂಗ ಎದ್ದಾಗ ಕುಸಿದಿರುತ್ತದೆ, ಆದರೆ ವಿಪಿಎನ್ ತಂತ್ರಾಂಶ ಎಲ್ಲ ಸಂಚಾರವನ್ನೂ ಅದರೊಳಗೇ ತಳ್ಳುತ್ತಿರುತ್ತದೆ. ವಿಪಿಎನ್ ಡಿಸ್‌ಕನೆಕ್ಟ್ ಮಾಡಿ ಮತ್ತೆ ಕನೆಕ್ಟ್ ಮಾಡಿದರೆ ಬಿಡುತ್ತದೆ. ಹೋಟೆಲು, ಕಾಲೇಜು, ವಿಮಾನನಿಲ್ದಾಣಗಳಲ್ಲಿ ಲಾಗಿನ್ ಅವಧಿ ನಿದ್ದೆಯ ನಡುವೆ ಮುಗಿದಿರುತ್ತದೆ. ಲಾಗಿನ್ ಪುಟ ತಾನಾಗಿ ಬಾರದಿದ್ದರೆ ಗೇಟ್‌ವೇ ನಂಬರನ್ನೇ ಬ್ರೌಸರಿನಲ್ಲಿ ಹೊಡೆದರೆ ಬಹಳ ಕಡೆ ಬರುತ್ತದೆ. ವೈಫೈ ಸೆಟ್ಟಿಂಗಿನಲ್ಲಿ ‘ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್’ ಎಂಬುದು ‘ಚೇಂಜ್ ಡೈಲಿ’ಗೆ ಇದ್ದರೆ ಮರುದಿನ ಲ್ಯಾಪ್‌ಟಾಪು ಬೇರೆ ಗುರುತಿನಲ್ಲಿ ಬಾಗಿಲು ತಟ್ಟುತ್ತದೆ, ಗುರುತು ನೋಡಿ ಒಳಬಿಡುವ ಹಾಸ್ಟೆಲಿನ ನೆಟ್‌ವರ್ಕು ಬಿಟ್ಟುಕೊಳ್ಳುವುದಿಲ್ಲ.

ಗ್ಲೋಬಿನ ಮಾತನ್ನೂ ಪೂರ್ತಿ ನಂಬಬೇಡಿ. ವಿಂಡೋಸ್ ಪ್ರತಿ ಸಲ ನೆಟ್‌ವರ್ಕಿಗೆ ಸೇರಿದಾಗ ಮೈಕ್ರೋಸಾಫ್ಟಿನ ಸರ್ವರಿನಿಂದ ಒಂದು ಪುಟ್ಟ ಕಡತ ತರಿಸುತ್ತದೆ. ಅದರಲ್ಲಿರುವುದು ‘ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್’ ಎಂಬ ಮೂರೇ ಪದ. ಅದು ಹೊತ್ತಿಗೆ ಸರಿಯಾಗಿ ಬಾರದಿದ್ದರೆ ‘ನೋ ಇಂಟರ್ನೆಟ್’ ಎಂದುಬಿಡುತ್ತದೆ. ಎದ್ದ ಮೊದಲ ಕೆಲವು ಕ್ಷಣ ಹೀಗಾಗಿ, ಪುಟಗಳು ಮಾತ್ರ ಚೆನ್ನಾಗಿಯೇ ತೆರೆಯುತ್ತಿರಬಹುದು.

ಯಂತ್ರವೇ ಬರೆದಿಟ್ಟ ದಿನಚರಿ

ವಾರಕ್ಕೆರಡು ಸಲ ಕಾಡುವ ತೊಂದರೆಗೆ ಊಹೆಗಿಂತ ದಾಖಲೆ ಮೇಲು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ನಾಲ್ಕು ಪದ ಹೊಡೆಯಬೇಕು: ಎನ್-ಇ-ಟಿ-ಎಸ್-ಎಚ್, ಡಬ್ಲ್ಯೂ-ಎಲ್-ಎ-ಎನ್, ‘ಶೋ’, ಕೊನೆಗೆ ಡಬ್ಲ್ಯೂ-ಎಲ್-ಎ-ಎನ್ ಮತ್ತು ‘ರಿಪೋರ್ಟ್’ ಎರಡನ್ನೂ ಅಂಟಿಸಿ ಬರೆದ ಒಂದೇ ಪದ. ಕಳೆದ 3 ದಿನಗಳ ವೈಫೈ ಇತಿಹಾಸ ಒಂದು ಪುಟವಾಗಿ ಸಿದ್ಧವಾಗುತ್ತದೆ, ಅದು ಎಲ್ಲಿದೆ ಎಂದು ಕಮಾಂಡೇ ಹೇಳುತ್ತದೆ. ಯಾವಾಗ ಸೇರಿತು, ಯಾವಾಗ ಕಡಿಯಿತು, ಕಡಿದದ್ದಕ್ಕೆ ವಿಂಡೋಸ್ ಕೊಟ್ಟ ಕಾರಣ ಏನು ಎಂಬುದೆಲ್ಲ ನಕ್ಷೆಯ ಸಮೇತ ಇರುತ್ತದೆ. ಮಲಗಿದ ಹೊತ್ತಿಗೆ ಸರಿಯಾಗಿ ಕಡಿದು ಎದ್ದ ಮೇಲೂ ಸೇರಿಲ್ಲದಿದ್ದರೆ ಡ್ರೈವರ್ ಮೇಲೆ ಬೆರಳು ತೋರಿಸಬಹುದು. ಎಚ್ಚರವಿದ್ದಾಗಲೂ ಕಡಿಯುತ್ತಿದ್ದರೆ ನಿದ್ದೆಯನ್ನು ಬೈದು ಫಲವಿಲ್ಲ, ಸಿಗ್ನಲ್ಲೋ ರೂಟರೋ ಕಾರಣ.

ಡ್ರೈವರಿನ ವಿಷಯದಲ್ಲಿ ಒಂದೆರಡು ಮಾತು. ‘ವಿಂಡೋಸ್ ಅಪ್‌ಡೇಟ್ ಆದ ಮೇಲೆ ಶುರುವಾಯಿತು’ ಎಂದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ ಹಿಂದಿನದಕ್ಕೆ ಮರಳಿ. ಆ ಗುಂಡಿ ಮಸುಕಾಗಿದ್ದರೆ ಹಿಂದಿನದು ಉಳಿದಿಲ್ಲ ಎಂದರ್ಥ. ಹೊಸದನ್ನು ಹಾಕುವುದಾದರೆ ಮೊದಲು ನಿಮ್ಮ ಲ್ಯಾಪ್‌ಟಾಪಿನ ಕಂಪನಿಯ ತಾಣದಲ್ಲಿ ನಿಮ್ಮದೇ ಮಾಡೆಲ್ಲಿನ ಪುಟ ನೋಡಿ. ಅದರ ಜೊತೆಗೇ ಬಯೋಸ್ ಅಪ್‌ಡೇಟ್ ಇದ್ದರೆ ಅದನ್ನೂ. ಮಲಗಿಸಿ ಏಳಿಸುವ ಕೆಲಸದಲ್ಲಿ ಬಯೋಸಿಗೂ ಪಾಲಿದೆ. ‘ಅನ್‌ಇನ್‌ಸ್ಟಾಲ್’ ಮಾಡುವವರು ಡ್ರೈವರ್ ಕಡತವನ್ನೂ ಅಳಿಸಲೇ ಎಂದು ಕೇಳುವ ಟಿಕ್ ಹಾಕುವ ಮುಂಚೆ ಯೋಚಿಸಿ. ಹೊಸದನ್ನು ಡೌನ್‌ಲೋಡ್ ಮಾಡಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು. ಸಿಕ್ಕಿಬಿದ್ದರೆ ಫೋನನ್ನು ಚಾರ್ಜಿಂಗ್ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ ‘ಯುಎಸ್‌ಬಿ ಟೆಥರಿಂಗ್’ ಆನ್ ಮಾಡಿ; ವೈಫೈ ಕಾರ್ಡಿನ ಹಂಗಿಲ್ಲದೆ ನೆಟ್ ಬರುತ್ತದೆ.

ಲಿನಕ್ಸ್ ಬಳಸುವವರಿಗೆ ಇದೇ ತತ್ತ್ವ, ಹೆಸರುಗಳು ಬೇರೆ. ಕಾರ್ಡಿನ ಮಾಡ್ಯೂಲನ್ನು ‘ಮಾಡ್‌ಪ್ರೋಬ್’ನಿಂದ ಕಳಚಿ ಮತ್ತೆ ಹಾಕುವುದು ಡಿಸೇಬಲ್–ಎನೇಬಲ್‌ಗೆ ಸಮ. ಉಬುಂಟುವಿನಲ್ಲಿ ನೆಟ್‌ವರ್ಕ್ ಮ್ಯಾನೇಜರಿನ ವೈಫೈ ಪವರ್‌ಸೇವ್ ಬೆಲೆ 3 ಇದ್ದರೆ ಉಳಿತಾಯ ಆನ್, 2 ಮಾಡಿದರೆ ಆಫ್. ಮ್ಯಾಕ್‌ನಲ್ಲಿ ಕಾರ್ಡು ಕಾಣೆಯಾಗುವುದು ಕಡಿಮೆ, ವೈಫೈ ಆಫ್–ಆನ್ ಮತ್ತು ‘ರಿನ್ಯೂ ಡಿಎಚ್‌ಸಿಪಿ ಲೀಸ್’ ಗುಂಡಿಯಿಂದ ಬಹುತೇಕ ಮುಗಿಯುತ್ತದೆ.

ವಿಂಡೋಸಿನ ‘ನೆಟ್‌ವರ್ಕ್ ರೀಸೆಟ್’ ಗುಂಡಿಯನ್ನು ಅನೇಕರು ಮೊದಲೇ ಒತ್ತುತ್ತಾರೆ. ಅದು ಎಲ್ಲ ನೆಟ್‌ವರ್ಕ್ ಸಾಧನಗಳನ್ನೂ ಕಿತ್ತು ಮತ್ತೆ ಹಾಕುತ್ತದೆ. ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ, ಆಫೀಸಿನ ವಿಪಿಎನ್ ಮತ್ತೆ ಹಾಕಿಸಬೇಕಾಗಬಹುದು. ಮೇಲಿನದೆಲ್ಲ ಸೋತ ಮೇಲೆ, ಆಫೀಸಿನ ಯಂತ್ರವಾದರೆ ಅಲ್ಲಿನ ಐಟಿಯವರನ್ನು ಕೇಳಿಯೇ ಒತ್ತಿ. ಅದಾದ ಮೇಲೂ, ಪೂರ್ತಿ ಶಟ್‌ಡೌನ್ ಮಾಡಿ ಆನ್ ಮಾಡಿದರೂ ಕಾರ್ಡು ಪಟ್ಟಿಯಲ್ಲಿ ಬಂದು ಹೋಗುತ್ತಿದ್ದರೆ ಕಾರ್ಡೇ ಹಳಸಿದೆ ಅಥವಾ ಸಡಿಲವಾಗಿದೆ. ಬಹಳ ಲ್ಯಾಪ್‌ಟಾಪುಗಳಲ್ಲಿ ಅದನ್ನು ಬದಲಿಸಬಹುದು, ಕೆಲವು ತೆಳು ಮಾಡೆಲ್‌ಗಳಲ್ಲಿ ಬೋರ್ಡಿಗೇ ಬೆಸೆದಿರುತ್ತಾರೆ. ಇಂಟೆಲ್ಲಿನ ಎಎಕ್ಸ್-201, ಎಎಕ್ಸ್-211ರಂಥ ಕಾರ್ಡುಗಳ ಅರ್ಧ ಕೆಲಸ ಇಂಟೆಲ್ ಚಿಪ್‌ಸೆಟ್ಟಿನೊಳಗೆ ನಡೆಯುವುದರಿಂದ ಅವನ್ನು ಕಂಡ ಕಂಡ ಯಂತ್ರಕ್ಕೆ ಹಾಕಲಾಗುವುದಿಲ್ಲ. ಅಂಗಡಿಗೆ ಹೋಗುವ ಮುಂಚೆ ಡಿವೈಸ್ ಮ್ಯಾನೇಜರಿನಲ್ಲಿರುವ ಹೆಸರನ್ನು ಫೋಟೋ ತೆಗೆದುಕೊಂಡು ಹೋಗಿ.